ಸ್ಕ್ರೋಲ್ ಸಾ ಬ್ಲೇಡ್ ರಿವ್ಯೂ: ಹೊಸಬರು ಮಷೀನ್ ಬೈಯೋಕೆ ಮುಂಚೆ ಬ್ಲೇಡ್ ಬದಲಾಯಿಸಿ ನೋಡಿ

ಇದು ಮಷೀನ್ ರಿವ್ಯೂ ಅಲ್ಲ, ಬ್ಲೇಡ್ ರಿವ್ಯೂ. ನನ್ನತ್ರ ಇರೋದು 16 ಇಂಚಿನ ಸಾಮಾನ್ಯ ಸ್ಕ್ರೋಲ್ ಸಾ (ತೆಳು ಬ್ಲೇಡ್ ಮೇಲೆ ಕೆಳಗೆ ಆಡ್ತಾ ಮರದಲ್ಲಿ ಬಳುಕು ಆಕಾರ ಕುಯ್ಯೋ ಮಷೀನು), ಇದೇ ಅಚ್ಚಿನ ಮಷೀನು ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿಕೊಂಡು ನಾಲ್ಕಾರು ಹೆಸರಲ್ಲಿ ಬರುತ್ತೆ, ಆದ್ರಿಂದ ಯಾವ ಹೆಸರಿನದು ಅನ್ನೋದು ಇಲ್ಲಿ ಮುಖ್ಯ ಅಲ್ಲ. ಅದರ ಜೊತೆ ಡಬ್ಬಿಯಲ್ಲೇ ಬಂದ ಪಿನ್ ಬ್ಲೇಡು ಮತ್ತೆ ಆಮೇಲೆ ಬೇರೆ ತರಿಸಿಕೊಂಡ ಪಿನ್ ಇಲ್ಲದ ರಿವರ್ಸ್ ಹಲ್ಲಿನ ಬ್ಲೇಡು, ಇವೆರಡರ ನಡುವೆ ಇರೋ ವ್ಯತ್ಯಾಸ ಎಷ್ಟು ಅಂದ್ರೆ ಅದೇ ಮಷೀನು, ಅದೇ ಕೈ, ಅದೇ ಪ್ಲೈವುಡ್ಡು, ಆದ್ರೂ ಎರಡು ಬೇರೆ ಜನ ಕುಯ್ದ ಹಾಗೆ ಕಾಣ್ಸುತ್ತೆ. ಹೊಸದಾಗಿ ಸ್ಕ್ರೋಲ್ ಸಾ ತಗೊಂಡೋರು ಮಷೀನ್ ಸರಿ ಇಲ್ಲ ಅಂತ ವಾಪಸ್ ಕಳಿಸೋಕೆ ಮುಂಚೆ ಅಥವಾ ನನಗೆ ಕೈ ಹಿಡಿತ ಇಲ್ಲ ಅಂತ ಮೂಲೆಗೆ ಹಾಕೋಕೆ ಮುಂಚೆ ಇದನ್ನ ಪೂರ್ತಿ ಓದಿ.

ನಾನು ಮಾಡೋದು ಮನೆ ಮುಂದಿನ ನೇಮ್ ಪ್ಲೇಟು, ಅದೂ ಕನ್ನಡ ಅಕ್ಷರದಲ್ಲಿ. ಜಯನಗರ, ಬಸವನಗುಡಿ ಕಡೆ ಹಳೇ ಮನೆಗಳ ಗೇಟ್ ಪಕ್ಕ ಕಲ್ಲಲ್ಲಿ ಕೆತ್ತಿದ ಹೆಸರುಗಳಿರ್ತಾವಲ್ಲ, ಆ ದುಂಡನೆ ಅಕ್ಷರ ನನಗೆ ತುಂಬಾ ಇಷ್ಟ, ಅದನ್ನೇ ಮರದಲ್ಲಿ ತರಬೇಕು ಅಂತ ಆಸೆ. ಕನ್ನಡ ಅಕ್ಷರ ಅಂದ್ರೆ ಸ್ಕ್ರೋಲ್ ಸಾಗೆ ನಿಜವಾದ ಪರೀಕ್ಷೆ. ನೇರ ಗೆರೆ ಅನ್ನೋದೇ ಕಮ್ಮಿ, ಎಲ್ಲಾ ಬಳಕು, ತಲೆಕಟ್ಟಿನ ಕೊಕ್ಕೆ, ರ ಒಳಗಿನ ದುಂಡು, ಅನುಸ್ವಾರದ ಸೊನ್ನೆ, ಅದರ ಮೇಲೆ ಒತ್ತಕ್ಷರ. "ಶ್ರೀನಿಧಿ" ಅಂತ ಒಂದು ಹೆಸರು ಕುಯ್ಯೋಕೆ ಒಳಗಿನ ಪ್ರತಿ ಖಾಲಿ ಜಾಗಕ್ಕೂ ಒಂದೊಂದು ತೂತು ಕೊರೆದು, ಬ್ಲೇಡ್ ಬಿಚ್ಚಿ, ತೂತಲ್ಲಿ ತೂರಿಸಿ, ಮತ್ತೆ ಕಟ್ಟಬೇಕು.

ಪಿನ್ ಬ್ಲೇಡು ಸೋಲೋದು ಇಲ್ಲೇ. ಪಿನ್ ಬ್ಲೇಡ್ ಅಂದ್ರೆ 5 ಇಂಚು ಉದ್ದದ ಬ್ಲೇಡಿನ ಎರಡೂ ತುದಿಯಲ್ಲಿ ಅಡ್ಡಕ್ಕೆ ಸಣ್ಣ ಕಡ್ಡಿ ಇರುತ್ತೆ, ಅದನ್ನ ಕೊಕ್ಕೆಗೆ ಸಿಕ್ಕಿಸಿದ್ರೆ ಆಯ್ತು, ಹಾಕೋದು ಬಹಳ ಸುಲಭ, ಅದಕ್ಕೇ ಹೊಸಬರಿಗೆ ಅಂತ ಅದನ್ನ ಕೊಡ್ತಾರೆ. ಆದ್ರೆ ಆ ಕಡ್ಡಿ ತೂರಬೇಕು ಅಂದ್ರೆ ಹತ್ತಿರ ಹತ್ತಿರ 5 ಎಂಎಂ ತೂತು ಬೇಕು, ಎರಡು ಇಂಚು ಎತ್ತರದ ಅಕ್ಷರದಲ್ಲಿ ಒತ್ತಿನ ಒಳಗಿನ ಜಾಗವೇ ಅಷ್ಟಿರಲ್ಲ. ಬ್ಲೇಡಿನ ಅಗಲವೂ ಸಾಮಾನ್ಯವಾಗಿ ಎರಡೂವರೆಯಿಂದ 3 ಎಂಎಂ ಇರುತ್ತೆ, ಅಷ್ಟು ಅಗಲದ ಪಟ್ಟಿ ಚಿಕ್ಕ ತಿರುವಲ್ಲಿ ತಿರುಗೋಕೆ ಜಾಗ ಎಲ್ಲಿದೆ, ಮರವನ್ನ ಉಜ್ಜಿ ಸುಡುತ್ತೆ ಅಷ್ಟೆ. ಪಿನ್ ಇಲ್ಲದ 5ನೇ ನಂಬರ್ ಬ್ಲೇಡ್ (ನಂಬರ್ ಜಾಸ್ತಿ ಆದಷ್ಟೂ ಬ್ಲೇಡ್ ದೊಡ್ಡದು) ಅಗಲ ಸುಮಾರು 1 ಎಂಎಂ, ದಪ್ಪ 0.4 ಎಂಎಂ ಹತ್ತಿರ. ಒಂದೂವರೆ ಎಂಎಂ ಡ್ರಿಲ್ ಬಿಟ್ಟಿನ ತೂತಲ್ಲಿ ಆರಾಮಾಗಿ ಹೋಗುತ್ತೆ, ನಿಂತ ಜಾಗದಲ್ಲೇ ಮರ ತಿರುಗಿಸಬಹುದು. ದೊಡ್ಡ ಆಕಾರದ ಆಟಿಕೆ, ಜಿಗ್‌ಸಾ ಪಜಲ್‌ನ ಹೊರಗಿನ ಅಂಚು ಇಂಥದಕ್ಕೆ ಪಿನ್ ಬ್ಲೇಡ್ ಸಾಕು, ಅಕ್ಷರಕ್ಕೆ ಬೇಡವೇ ಬೇಡ.

ನಿಮ್ಮ ಮಷೀನಿಗೆ ಪಿನ್ ಇಲ್ಲದ್ದು ಹಾಕೋಕೆ ಬರುತ್ತಾ ಅಂತ ಮೊದಲು ನೋಡ್ಕೊಳ್ಳಿ. ಬಹಳಷ್ಟು ಮಷೀನ್ ಜೊತೆ ಎರಡು ಪುಟ್ಟ ಲೋಹದ ಕಟ್ಟೆ ಥರದ ಅಡಾಪ್ಟರ್ (ಪಿನ್ ಇಲ್ಲದ ಬ್ಲೇಡಿನ ತುದಿಯನ್ನ ಸ್ಕ್ರೂನಿಂದ ಹಿಡಿಯೋದು), ಒಂದು ಅಲೆನ್ ಕೀ ಕೊಟ್ಟಿರ್ತಾರೆ, ಜನ ಅದೇನು ಅಂತ ಗೊತ್ತಾಗದೆ ಡಬ್ಬಿಯಲ್ಲೇ ಬಿಟ್ಟಿರ್ತಾರೆ. ಅದೇ ಬೇಕಾಗಿರೋದು.

ಈಗ ತೊಂದರೆಗಳ ವಿಷಯಕ್ಕೆ ಬರ್ತೀನಿ, ಬ್ಲೇಡ್ ಎಷ್ಟೇ ಒಳ್ಳೇದಿದ್ರೂ ಇವು ಬಂದೇ ಬರ್ತಾವೆ.

ಎಲ್ಲರೂ ಮೊದಲು ಹೇಳೋದು ಬ್ಲೇಡ್ ಪಟ್ ಪಟ್ ಅಂತ ಮುರಿಯುತ್ತೆ ಅಂತ. ಎಸ್‌ಪಿ ರೋಡ್ ಹತ್ತಿರ ಒಂದು ಸಣ್ಣ ಟೂಲ್ಸ್ ಅಂಗಡಿಯಲ್ಲಿ ವಯಸ್ಸಾದ ಒಬ್ಬರು ಕೂತಿರ್ತಾರೆ, ಅವರು ಹೇಳಿದ ಮಾತು ನನಗೆ ತುಂಬಾ ಉಪಯೋಗಕ್ಕೆ ಬಂತು, "ಮುರಿದ ಬ್ಲೇಡ್ ಬಿಸಾಕ್ಬೇಡಿ ಸಾರ್, ತಗೊಂಡು ಬನ್ನಿ, ಎಲ್ಲಿ ಮುರಿದಿದೆ ನೋಡಿದ್ರೆ ಯಾಕೆ ಅಂತ ಗೊತ್ತಾಗುತ್ತೆ." ಸಾಮಾನ್ಯವಾಗಿ ತುದಿಯಲ್ಲಿ, ಬ್ಲೇಡ್ ಹಿಡಿಯೋ ಕ್ಲ್ಯಾಂಪ್ ಪಕ್ಕದಲ್ಲೇ ಮುರಿದಿದ್ರೆ ಒಂದೋ ಟೆನ್ಷನ್ (ಬ್ಲೇಡಿನ ಬಿಗಿತ) ಜಾಸ್ತಿ, ಇಲ್ಲಾ ಕಟ್ಟುವಾಗ ತುದಿ ಬಗ್ಗಿದೆ, ಒಮ್ಮೆ ಬಗ್ಗಿದ ಜಾಗ ಮೇಲೆ ಕೆಳಗೆ ಆಡ್ತಾ ಆಡ್ತಾ ಸುಸ್ತಾಗಿ ಮುರಿಯುತ್ತೆ. ನಡುವಲ್ಲಿ ಮುರಿದಿದ್ರೆ ಬಹುತೇಕ ಮರವನ್ನ ಜೋರಾಗಿ ತಳ್ಳಿದ್ದು, ಅಥವಾ ತಿರುವಲ್ಲಿ ಬ್ಲೇಡು ಕುಯ್ಯೋಕೆ ಮುಂಚೆ ಮರ ತಿರುಗಿಸಿದ್ದು, ಅಥವಾ ಬ್ಲೇಡು ಮೊಂಡಾಗಿದ್ರೂ ಎಳೆದಾಡ್ತಾ ಇರೋದು. ಬ್ಲೇಡಿಗೆ ಆಯಸ್ಸು ಅಂತ ಇದೆ, ಮರ ನೋಡಿಕೊಂಡು 15 ನಿಮಿಷದಿಂದ 45 ನಿಮಿಷ, ಪ್ಲೈವುಡ್ ಆದ್ರೆ ಅದರೊಳಗಿನ ಗಮ್ಮು ಹಲ್ಲನ್ನ ಬೇಗ ತಿನ್ನುತ್ತೆ, ಎಂಡಿಎಫ್ (ಮರದ ನಾರನ್ನ ಗಮ್ಮಲ್ಲಿ ಒತ್ತಿ ಮಾಡಿದ ಹಲಗೆ) ಕೂಡ ಹಂಗೇ. ಇನ್ನೂ ಮುರಿದಿಲ್ವಲ್ಲ ಅಂತ ಇಟ್ಕೊಳ್ಳೋದು ಉಳಿತಾಯ ಅಲ್ಲ, ಮೊಂಡ ಬ್ಲೇಡಿನಿಂದ ಹಾಳಾಗೋ ತೇಗದ ಹಲಗೆ ಬೆಲೆ ಒಂದು ಬ್ಲೇಡಿಗಿಂತ ಎಷ್ಟೋ ಪಟ್ಟು.

ಟೆನ್ಷನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಅರ್ಧ ತೊಂದರೆಗೆ ಮೂಲ ಇದೇ. ಬ್ಲೇಡನ್ನ ಬೆರಳಲ್ಲಿ ಮೀಟಿದ್ರೆ ತಂಬೂರಿ ತಂತಿ ಥರ ಟಿಂಗ್ ಅನ್ನಬೇಕು, ದೊಪ್ ಅಂದ್ರೆ ಸಡಿಲ. ಪಕ್ಕದಿಂದ ಬೆರಳಲ್ಲಿ ಒತ್ತಿದ್ರೆ 3 ಎಂಎಂವರೆಗೆ ಬಾಗಬಹುದು, ಅದಕ್ಕಿಂತ ಜಾಸ್ತಿ ಬಾಗಿದ್ರೆ ನಾಬ್ ತಿರುಗಿಸಿ. (ಇದೆಲ್ಲಾ ಪ್ಲಗ್ ಕಿತ್ತು ಮಾಡಬೇಕು, ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ.) ಸಡಿಲ ಬ್ಲೇಡಿನ ಇನ್ನೊಂದು ಲಕ್ಷಣ ಹೇಳ್ತೀನಿ, ದಪ್ಪ ಮರ ಕುಯ್ದಾಗ ಅಂಚನ್ನ ಪಕ್ಕದಿಂದ ನೋಡಿ, ನಡುವೆ ಹೊಟ್ಟೆ ಬಂದಿರುತ್ತೆ, ಅಂದ್ರೆ ಮೇಲೂ ಕೆಳಗೂ ಸರಿ ಇದೆ, ಮಧ್ಯದಲ್ಲಿ ಬ್ಲೇಡು ಬಾಗಿಕೊಂಡು ಹೋಗಿದೆ. ಅದೇ ಅಂಚು ಮೇಲಿಂದ ಕೆಳಗೆ ಒಂದೇ ಸಮ ಓರೆಯಾಗಿದ್ರೆ ಅದು ಬ್ಲೇಡ್ ತಪ್ಪಲ್ಲ, ಮೇಜು ಬ್ಲೇಡಿಗೆ ನೇರಕ್ಕಿಲ್ಲ. ಹೊಸಬರು ಈ ಎರಡನ್ನ ಗೊಂದಲ ಮಾಡ್ಕೊಂಡು ಸುಮ್ಮನೆ ಟೆನ್ಷನ್ ಏರಿಸ್ತಾ ಹೋಗ್ತಾರೆ, ಆಮೇಲೆ ಬ್ಲೇಡ್ ತುದಿಯಲ್ಲಿ ಮುರಿಯುತ್ತೆ.

ಮೇಜು ನೇರ ಇದೆಯಾ ಅಂತ ನೋಡೋಕೆ ಮಷೀನ್ ಮೇಲಿನ ಡಿಗ್ರಿ ಗೆರೆ ನಂಬ್ಬೇಡಿ. ಒಂದೂವರೆ ಇಂಚು ದಪ್ಪದ ಯಾವುದಾದ್ರೂ ತುಂಡು ಮರ ತಗೊಂಡು ಅಂಚಲ್ಲಿ ಎರಡು ಮೂರು ಎಂಎಂ ಅಷ್ಟೇ ಗಾಯ ಮಾಡಿ, ಮಷೀನ್ ನಿಲ್ಲಿಸಿ, ತುಂಡನ್ನ ಸುತ್ತಿಸಿ ಬ್ಲೇಡಿನ ಹಿಂದಿನಿಂದ ಅದೇ ಗಾಯಕ್ಕೆ ಬ್ಲೇಡ್ ಬೆನ್ನನ್ನ ಕೂರಿಸಿ ನೋಡಿ. ಸಲೀಸಾಗಿ ಕೂತ್ರೆ ನೇರ ಇದೆ, ಕೂರಲಿಲ್ಲ ಅಂದ್ರೆ ಓರೆ. ಓರೆ ಇದ್ದಷ್ಟರ ಎರಡರಷ್ಟು ಇಲ್ಲಿ ಕಾಣ್ಸುತ್ತೆ, ಅದಕ್ಕೇ ಸಣ್ಣ ತಪ್ಪೂ ಕಣ್ಣಿಗೆ ಬೀಳುತ್ತೆ. ಮೂಲೆಮಟ್ಟ ಇಟ್ಟು ನೋಡೋದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತೆ, ತೆಳು ಬ್ಲೇಡಿನ ಪಕ್ಕ ಮಟ್ಟ ಇಟ್ರೆ ಅದೇ ಬ್ಲೇಡನ್ನ ತಳ್ಳಿಬಿಡುತ್ತೆ.

ಎರಡನೇ ದೊಡ್ಡ ದೂರು, ಕ್ಲ್ಯಾಂಪಿಂದ ಬ್ಲೇಡ್ ಜಾರಿ ಬರೋದು. ಕಟ್ತೀರಾ, ಟೆನ್ಷನ್ ಕೊಡ್ತೀರಾ, ಅರ್ಧ ಅಕ್ಷರ ಕುಯ್ದಿರ್ತೀರಾ, ಟಪ್ ಅಂತ ಕಳಚಿಕೊಳ್ಳುತ್ತೆ, ಜನ ಸೀದಾ ಕಟಿಂಗ್ ಪ್ಲೇಯರ್ ತಗೊಂಡು ಸ್ಕ್ರೂ ಬಿಗಿದುಬಿಡ್ತಾರೆ, ಸ್ಕ್ರೂ ಎಳೆ ಹೋಗುತ್ತೆ. ಕಾರಣ ಬಹಳ ಸಾದಾ. ತುಕ್ಕು ಹಿಡಿಯಬಾರದು ಅಂತ ಕಾರ್ಖಾನೆಯಲ್ಲೇ ಬ್ಲೇಡಿಗೆ ಎಣ್ಣೆ ಸವರಿರ್ತಾರೆ, ಆ ಎಣ್ಣೆ ಮೇಲೆ ಕ್ಲ್ಯಾಂಪ್ ಹಿಡಿಯಲ್ಲ. ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಬ್ಲೇಡಿನ ಎರಡೂ ತುದಿ ಒರೆಸಿ, 220 ನಂಬರ್ ಉಪ್ಪುಕಾಗದದಲ್ಲಿ ತುದಿಯನ್ನ ಒಂದು ಸಲ ಎಳೀರಿ, ಹಾಗೇ ಕ್ಲ್ಯಾಂಪಿನ ಒಳಮುಖವನ್ನೂ ಒರೆಸಿ, ಅಲ್ಲಿ ಹೊಟ್ಟು ಮತ್ತೆ ಎಣ್ಣೆ ಸೇರಿ ಗಟ್ಟಿ ಆಗಿರುತ್ತೆ. ಸ್ಕ್ರೂ ತುದಿ ಸವೆದು ನುಣ್ಣಗಾಗಿದ್ರೆ ಅದನ್ನ ಬಿಚ್ಚಿ ಅದೇ ಕಾಗದದ ಮೇಲೆ ನೇರಕ್ಕೆ ಉಜ್ಜಿ ಸಮ ಮಾಡಿ. ಇಷ್ಟು ಮಾಡಿದ ಮೇಲೆ ಬೆರಳಿನ ಬಿಗಿಯೇ ಸಾಕಾಗುತ್ತೆ. ಅಡಾಪ್ಟರ್ ಇರೋ ಮಷೀನಲ್ಲಿ ಇನ್ನೊಂದು ಗಮನಿಸಿ, ಮೇಲಿನ ಕಟ್ಟೆ ಕೆಳಗಿನ ಕಟ್ಟೆ ಎರಡೂ ಒಂದೇ ದಿಕ್ಕಿಗೆ ಮುಖ ಮಾಡಿರಬೇಕು, ಒಂದು ಸ್ವಲ್ಪ ತಿರುಚಿದ್ರೂ ಬ್ಲೇಡು ತಿರುಚಿಕೊಂಡೇ ನಿಲ್ಲುತ್ತೆ, ಆಮೇಲೆ ಯಾವ ಗೆರೆಯನ್ನೂ ಸರಿಯಾಗಿ ಹಿಡಿಯಲ್ಲ.

ಗೆರೆ ಹಿಡಿಯಲ್ಲ ಅಂದೆ, ಅದೇ ಮೂರನೇದು, ಮತ್ತೆ ಜನ ಅತಿ ಬೇಗ ಬೇಜಾರಾಗಿ ಬಿಟ್ಟುಬಿಡೋದು ಇದರಿಂದಲೇ. ಪೆನ್ಸಿಲ್ ಗೆರೆ ನೇರ ಇದೆ, ನೀವು ನೇರಕ್ಕೇ ತಳ್ತಿದ್ದೀರಾ, ಬ್ಲೇಡು ಮಾತ್ರ ಬಲಕ್ಕೆ ಎಳೀತಾ ಹೋಗುತ್ತೆ. ನಿಮ್ಮ ಕೈ ತಪ್ಪಲ್ಲ. ಬಹಳಷ್ಟು ಬ್ಲೇಡ್ ತಯಾರಿಸುವಾಗ ಹಲ್ಲಿನ ಒಂದು ಪಕ್ಕಕ್ಕೆ ಲೋಹದ ಸಣ್ಣ ಅಂಚು ಉಳಿದುಕೊಂಡಿರುತ್ತೆ, ಆ ಪಕ್ಕ ಜಾಸ್ತಿ ಚೂಪು, ಆದ್ರಿಂದ ಬ್ಲೇಡು ಆ ಕಡೆಗೇ ವಾಲುತ್ತೆ. ಇದಕ್ಕೆ ಮದ್ದು ಏನಂದ್ರೆ, ರದ್ದಿ ಪ್ಲೈ ಮೇಲೆ ಒಂದು ಉದ್ದ ಗೆರೆ ಎಳೆದು ಕುಯ್ತಾ ಹೋಗಿ, ಮರವನ್ನ ಎಷ್ಟು ಓರೆ ಹಿಡಿದ್ರೆ ಬ್ಲೇಡು ಗೆರೆ ಮೇಲೇ ಇರುತ್ತೆ ಅಂತ ಕೈಗೆ ಗೊತ್ತಾಗೋವರೆಗೆ ಕುಯ್ಯಿರಿ, ಆಮೇಲೆ ಅದೇ ಓರೆಯಲ್ಲಿ ಕೆಲಸ ಮಾಡಿ. ಒಂದು ಡಜನ್ನಿನ ಬ್ಲೇಡುಗಳು ಸಾಮಾನ್ಯವಾಗಿ ಒಂದೇ ಥರ ಎಳೀತಾವೆ, ಬೇರೆ ಕಂಪನಿ ಬ್ಲೇಡಿಗೆ ಹೋದ್ರೆ ಮತ್ತೆ ರೂಢಿ ಮಾಡ್ಕೋಬೇಕು. ಬ್ಯಾಂಡ್ ಸಾ ಥರ ಫೆನ್ಸ್ (ಮರವನ್ನ ಒರಗಿಸಿ ತಳ್ಳೋ ನೇರ ಪಟ್ಟಿ) ಕಟ್ಟಿ ನೇರ ಕುಯ್ತೀನಿ ಅಂತ ಹೋಗ್ಬೇಡಿ, ಇದರಲ್ಲಿ ಅದು ಆಗಲ್ಲ.

ನಾನು ತರಿಸಿದ್ದು ಪೇಗಾಸ್ ಬ್ಲೇಡು, ಸ್ವಿಟ್ಜರ್ಲೆಂಡಿನದು, ಡಜನ್ ಲೆಕ್ಕದಲ್ಲಿ ಬರುತ್ತೆ. ಇದರಲ್ಲಿ ಆ ಎಳೆತ ಎಷ್ಟು ಕಮ್ಮಿ ಅಂದ್ರೆ ಮೊದಲ ಸಲ ಗೆರೆ ಮೇಲೇ ಹೋಗಿದ್ದು ನೋಡಿ ನನಗೆ ಖುಷಿಯಾಗಿ ಸುಮ್ಮನೆ ಇನ್ನೂ ನಾಲ್ಕು ಗೆರೆ ಕುಯ್ದೆ. ಕುಯ್ದ ಅಂಚು ನುಣುಪಾಗಿ ಬರುತ್ತೆ, ತೇಗದಲ್ಲಂತೂ ಉಪ್ಪುಕಾಗದ ಕೈಗೆತ್ತಿಕೊಳ್ಳೋ ಅವಶ್ಯಕತೆಯೇ ಅಷ್ಟಾಗಿ ಬೀಳಲ್ಲ. ರೇಟು ಲೋಕಲ್ ಬ್ಲೇಡಿಗಿಂತ ಜಾಸ್ತಿನೇ, ಇಂಪೋರ್ಟ್ ಆಗಿ ಬರೋದ್ರಿಂದ ಸ್ಟಾಕ್ ಯಾವಾಗಲೂ ಇರಲ್ಲ, ಅದೊಂದೇ ನನ್ನ ಕೊರತೆ. ಆದ್ರೂ ಕೊಡೋ ದುಡ್ಡಿಗೆ ಮೋಸ ಇಲ್ಲ.

ರಿವರ್ಸ್ ಹಲ್ಲು ಅಂದ್ರೆ ಏನು ಅಂತ ಕೇಳೋರಿಗೆ, ಬ್ಲೇಡಿನ ಹಲ್ಲೆಲ್ಲಾ ಕೆಳಮುಖ, ಕೆಳಗಿನ ಕೊನೇ ಕೆಲವು ಹಲ್ಲು ಮಾತ್ರ ಮೇಲ್ಮುಖ. ಕೆಳಮುಖ ಹಲ್ಲು ಮರದ ತಳದಿಂದ ಹೊರಗೆ ಬರುವಾಗ ಎಳೆ ಕಿತ್ತು ಸಿಬಿರು ಏಳಿಸುತ್ತೆ, ಪ್ಲೈವುಡ್ ತಳ ನೋಡಿದ್ರೆ ಗೊತ್ತಾಗುತ್ತೆ, ಆ ಮೇಲ್ಮುಖ ಹಲ್ಲು ವಾಪಸ್ ಬರುವಾಗ ಅದನ್ನ ಕತ್ತರಿಸಿ ಕ್ಲೀನ್ ಮಾಡುತ್ತೆ. ಆದ್ರೆ ಒಂದು ಷರತ್ತು, ಬ್ಲೇಡ್ ಹಿಡಿದಿರೋ ಮಷೀನಿನ ತೋಳು ಪೂರ್ತಿ ಮೇಲಿರುವಾಗ ಆ ಮೇಲ್ಮುಖ ಹಲ್ಲಲ್ಲಿ ಎರಡು ಮೂರಾದ್ರೂ ಮೇಜಿನ ಮೇಲೆ ಕಾಣಬೇಕು, ಇಲ್ಲಾಂದ್ರೆ ಅವು ಮರಕ್ಕೆ ಮುಟ್ಟೋದೇ ಇಲ್ಲ, ರಿವರ್ಸ್ ಬ್ಲೇಡ್ ತಗೊಂಡೂ ಸಿಬಿರು ಬರ್ತಿದೆ ಅಂತ ದೂರೋರದ್ದು ಬಹುಪಾಲು ಇದೇ ಕಥೆ. ಬ್ಲೇಡನ್ನ ಸ್ವಲ್ಪ ಮೇಲಕ್ಕೆ ಹಿಡಿದು ಕಟ್ಟಿ.

ಮರ ಕುಣಿಯುತ್ತೆ, ಕೈಯಿಂದ ಕಿತ್ಕೊಂಡು ಮೇಲೇಳುತ್ತೆ ಅಂದ್ರೆ ಬಹುಶಃ ಬ್ಲೇಡ್ ತಲೆಕೆಳಗಾಗಿದೆ. ಈ ಹಲ್ಲು ಬರಿಗಣ್ಣಿಗೆ ಕಾಣಲ್ಲ, ಅದಕ್ಕೆ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿ, ಅಥವಾ ಮಷೀನ್ ಪ್ಲಗ್ ಕಿತ್ತಿರುವಾಗ ಹಲ್ಲಿನ ಮೇಲೆ ಬೆರಳು ಹಗುರಾಗಿ ಕೆಳಗಿಂದ ಮೇಲಕ್ಕೆ ಎಳೀರಿ, ಚುಚ್ಚಿ ತಡೆದ್ರೆ ಸರಿ ಇದೆ, ನುಣ್ಣಗೆ ಹೋದ್ರೆ ಉಲ್ಟಾ. ಉಲ್ಟಾ ಇಲ್ಲದೇನೂ ಮರ ಏಳ್ತಿದ್ರೆ ಮರವನ್ನ ಒತ್ತಿ ಹಿಡಿಯೋ ಆ ಪಾದ ಇದ್ಯಲ್ಲ, ಅದನ್ನ ಮರಕ್ಕೆ ತಾಗೋ ಹಾಗೆ ಇಳಿಸಿ. ಅಡ್ಡ ಬರುತ್ತೆ ಅಂತ ಅನುಭವಸ್ಥರು ಅದನ್ನ ತೆಗೆದಿಡ್ತಾರೆ, ಹೊಸಬರು ಇಟ್ಕೊಳ್ಳೋದೇ ಒಳ್ಳೇದು.

ಸುಟ್ಟ ಕಲೆ. ಬೀಟೆ, ಹೊನ್ನೆ ಥರದ ಗಟ್ಟಿ ಮರದಲ್ಲಿ ಅಂಚು ಕಪ್ಪಾಗುತ್ತೆ, ಹೊಗೆ ವಾಸನೆ ಬರುತ್ತೆ. ಮೊದಲು ಬ್ಲೇಡ್ ಹೊಸದು ಹಾಕಿ, ಸ್ಪೀಡ್ ಇಳಿಸಿ (ನಿಮಿಷಕ್ಕೆ 1600 ಹೊಡೆತದವರೆಗೆ ಹೋಗೋ ಮಷೀನನ್ನ ಗಟ್ಟಿ ಮರಕ್ಕೆ ಪೂರ್ತಿ ತಿರುವಬೇಕಿಲ್ಲ), ಒಂದು ನಂಬರ್ ದೊಡ್ಡ ಬ್ಲೇಡ್ ಹಾಕಿ. ಇನ್ನೊಂದು ಉಪಾಯ ಕೇಳಿದ್ರೆ ನಂಬಲ್ಲ, ಕೊರಿಯರ್ ಡಬ್ಬಿಗೆ ಅಂಟಿಸೋ ಪಾರದರ್ಶಕ ಟೇಪು ಮರದ ಮೇಲೆ ಅಂಟಿಸಿ ಅದರ ಮೇಲೇ ಕುಯ್ಯಿರಿ, ಸುಡೋದು ಎಷ್ಟೋ ಕಮ್ಮಿಯಾಗುತ್ತೆ, ಬ್ಲೇಡ್ ಜಾರಿಕೊಂಡು ಹೋಗುತ್ತೆ. ಪ್ರಿಂಟ್ ತೆಗೆದ ಅಕ್ಷರದ ಹಾಳೆಯನ್ನ ಗಮ್ಮಲ್ಲಿ ಅಂಟಿಸಿ ಅದರ ಮೇಲೆ ಈ ಟೇಪ್ ಹಾಕಿದ್ರೆ ಹಾಳೆಯೂ ಹರಿಯಲ್ಲ.

ನಂಬರ್ ವಿಷಯದಲ್ಲಿ ಬಹಳ ತಲೆ ಕೆಡಿಸ್ಕೋಬೇಡಿ. ಮರದ ದಪ್ಪದೊಳಗೆ ಯಾವಾಗಲೂ ಎರಡು ಮೂರು ಹಲ್ಲಾದ್ರೂ ಇರಬೇಕು ಅನ್ನೋದೊಂದು ನೆನಪಿಟ್ಕೊಳ್ಳಿ ಸಾಕು. ಇಂಚಿಗೆ 11, 12 ಹಲ್ಲಿನ ಬ್ಲೇಡಲ್ಲಿ ಹಲ್ಲಿಂದ ಹಲ್ಲಿಗೆ ಎರಡು ಎಂಎಂ ಮೇಲಿರುತ್ತೆ, ಅದನ್ನ 3 ಎಂಎಂ ಪ್ಲೈಗೆ ಹಾಕಿದ್ರೆ ಒಂದೇ ಹಲ್ಲು ಸಿಕ್ಕಿಹಾಕ್ಕೊಂಡು ಪ್ಲೈ ಪದರ ಎಗರಿಸಿಬಿಡುತ್ತೆ. 3 ಎಂಎಂಗೆ 1ನೇ ನಂಬರು, 6 ಎಂಎಂಗೆ 3, 12 ಎಂಎಂಗೆ 5, 18 ಎಂಎಂ ತೇಗಕ್ಕೆ 7 ಅಥವಾ 9, ನಾನು ಹೀಗೆ ಇಟ್ಕೊಂಡಿದ್ದೀನಿ. ಸ್ಪೈರಲ್ ಬ್ಲೇಡ್ ಅಂತ ಸುರುಳಿ ಥರದ್ದೊಂದು ಬರುತ್ತೆ, ಮರ ತಿರುಗಿಸದೇ ಯಾವ ದಿಕ್ಕಿಗಾದ್ರೂ ಕುಯ್ಯಬಹುದು ಅಂತ ಆಸೆ ಹುಟ್ಟಿಸುತ್ತೆ, ಅಂಚು ಒರಟಾಗಿ ಬರುತ್ತೆ, ಗೆರೆ ಹಿಡಿಯೋದು ಕಷ್ಟ. ಮಷೀನಿನ ಗಂಟಲಿಗಿಂತ (ಬ್ಲೇಡಿನಿಂದ ಹಿಂದಿನ ಕಂಬದವರೆಗಿನ ಜಾಗ) ಉದ್ದ ಇರೋ, ತಿರುಗಿಸೋಕಾಗದ ಹಲಗೆಗೆ ಮಾತ್ರ ಇಟ್ಕೊಳ್ಳಿ, ಅಕ್ಷರಕ್ಕೆ ಬೇಡ.

ಇನ್ನೊಂದು ಎಚ್ಚರಿಕೆ ಬೆಂಗಳೂರಿನವರಿಗೆ ಅಂತಲೇ ಹೇಳಬೇಕು. ನಗರ್ತಪೇಟೆ ಕಡೆ ಅಕ್ಕಸಾಲಿಗರ ಸಾಮಾನು ಮಾರೋ ಅಂಗಡಿಯಲ್ಲಿ ನೋಡೋಕೆ ಹೀಗೇ ಇರೋ ತೆಳು ಬ್ಲೇಡ್ ಸಿಗುತ್ತೆ, ಉದ್ದವೂ ಹೆಚ್ಚುಕಮ್ಮಿ ಅಷ್ಟೇ, ಮಷೀನಿಗೆ ಕೂರುತ್ತೆ, ಸುಲಭವಾಗಿ ಸಿಗುತ್ತೆ ಅಂತ ಜನ ಅದನ್ನೇ ತಂದು ಹಾಕ್ತಾರೆ. ಅದು ಚಿನ್ನ, ಬೆಳ್ಳಿ, ಹಿತ್ತಾಳೆ ತಗಡು ಕುಯ್ಯೋಕೆ ಮಾಡಿದ್ದು, ಹಲ್ಲು ಅತಿ ಸಣ್ಣ, ಮರದ ಹೊಟ್ಟು ಹೊರಗೆ ಹಾಕೋಕೆ ನಡುವೆ ಜಾಗವೇ ಇಲ್ಲ, ತುಂಬಿಕೊಂಡು ಮರ ಸುಡುತ್ತೆ. ಹಿತ್ತಾಳೆ ತಗಡಿನ ಅಕ್ಷರ ಮಾಡ್ತೀರಾದ್ರೆ ಅದೇ ಬ್ಲೇಡು ಬಹಳ ಚೆನ್ನಾಗಿದೆ, ಸ್ಪೀಡ್ ಪೂರ್ತಿ ಇಳಿಸಿ ಮೇಣ ಸವರಿಕೊಂಡು ಕುಯ್ಯಬಹುದು. ಮರಕ್ಕೆ ಸ್ಕಿಪ್ ಟೂತ್ ಅಂತ ಕೇಳಿ ತಗೊಳ್ಳಿ, ಅದರಲ್ಲಿ ಒಂದು ಹಲ್ಲು ಬಿಟ್ಟು ಒಂದು ಇರುತ್ತೆ, ಹೊಟ್ಟು ಸಲೀಸಾಗಿ ಹೊರಗೆ ಬರುತ್ತೆ.

ಫ್ಲ್ಯಾಟಲ್ಲಿರೋರಿಗೆ ಇದೂ ಬೇಕು. ಮಷೀನ್ ಅದುರಿದ್ರೆ ಬ್ಲೇಡೂ ಅದುರುತ್ತೆ, ಅಂಚಲ್ಲಿ ಅಲೆ ಅಲೆ ಬರುತ್ತೆ, ಕೆಳಗಿನ ಮನೆಯವರೂ ಬಂದು ಬಾಗಿಲು ತಟ್ತಾರೆ. ಭಾರದ ಹಲಗೆಗೆ ಬೋಲ್ಟ್ ಹಾಕಿ ಬಿಗಿದು, ಅದರ ಕೆಳಗೆ ದಪ್ಪ ರಬ್ಬರ್ ಶೀಟ್ ಹಾಕಿ, ಎರಡೂ ಕಮ್ಮಿಯಾಗುತ್ತೆ. ಕನ್ನಡಕ, ಮಾಸ್ಕ್ ಬಿಡ್ಬೇಡಿ, ಎಂಡಿಎಫ್ ಧೂಳು ಯುಟಿಲಿಟಿಯಂಥ ಸಣ್ಣ ಜಾಗದಲ್ಲಿ ಬಹಳ ಹೊತ್ತು ಗಾಳಿಯಲ್ಲೇ ತೇಲ್ತಿರುತ್ತೆ.

ರೇಟಿಂಗ್ ಕೊಡಬೇಕು ಅಂದ್ರೆ, ಡಬ್ಬಿಯಲ್ಲಿ ಬಂದ ಪಿನ್ ಬ್ಲೇಡಿಗೆ 5ಕ್ಕೆ 2, ಪೇಗಾಸ್ 5ನೇ ನಂಬರ್ ರಿವರ್ಸಿಗೆ 5ಕ್ಕೆ ನಾಲ್ಕೂವರೆ, ಆ ಅರ್ಧ ಕಳೆದಿದ್ದು ಸಿಗೋದು ಕಷ್ಟ ಅನ್ನೋದಕ್ಕೆ. ಮೊದಲ ಸಲ ತರಿಸೋರು 3 ಒಂದು ಡಜನ್, 5 ಎರಡು ಡಜನ್, 7 ಒಂದು ಡಜನ್ ತಗೊಳ್ಳಿ, ಎಲ್ಲಾ ನಂಬರ್ ಇರೋ ಅಸಾರ್ಟೆಡ್ ಪ್ಯಾಕ್ ಬೇಡ, ಅದರಲ್ಲಿ ಅರ್ಧ ನೀವು ಮುಟ್ಟೋದೇ ಇಲ್ಲ. ಆರ್ಡರ್ ಹಾಕುವಾಗ ಪಿನ್ ಇಲ್ಲದ್ದು, 5 ಇಂಚು, ಸ್ಕಿಪ್ ಅಥವಾ ರಿವರ್ಸ್ ಸ್ಕಿಪ್ ಟೂತ್, ಈ ಮೂರೂ ಬರೆದಿದೆಯಾ ನೋಡ್ಕೊಳ್ಳಿ. ಮಳೆಗಾಲದಲ್ಲಿ ಬ್ಲೇಡ್ ಬೇಗ ತುಕ್ಕು ಹಿಡಿಯುತ್ತೆ, ನಂಬರ್ ಬರೆದ ಮುಚ್ಚಳ ಇರೋ ಪ್ಲಾಸ್ಟಿಕ್ ಟ್ಯೂಬಲ್ಲಿ ಹಾಕಿ, ಶೂ ಡಬ್ಬಿಯಲ್ಲಿ ಬರೋ ಸಿಲಿಕಾ ಪೊಟ್ಟಣ ಒಂದು ಒಳಗೆ ಬಿಡಿ, ಎಣ್ಣೆ ಒರೆಸೋದು ಮಷೀನಿಗೆ ಕಟ್ಟುವಾಗ ಮಾತ್ರ.